ಉದ್ದೇಶ ಒಳ್ಳೆಯದಿತ್ತಂತೆ

ಮಂಗಳೂರಿನಲ್ಲಿ ಯುರೋಪಿನವರ ಆಳ್ವಿಕೆಯ ಬಗ್ಗೆ ಮಾತು ಶುರುವಾದರೆ ಹತ್ತು ನಿಮಿಷದೊಳಗೆ ಅದು ‘ಉದ್ದೇಶ’ಕ್ಕೆ ಬಂದು ನಿಲ್ಲುತ್ತದೆ. “ಪೋರ್ಚುಗೀಸರ ಉದ್ದೇಶ ಸರಿ ಇರಲಿಲ್ಲ, ಬ್ರಿಟಿಷರದ್ದು ಬರೀ ದುಡ್ಡಿನ ಉದ್ದೇಶ. ಆದರೆ ಬಾಸೆಲ್ ಮಿಶನ್‌ನವರ ಉದ್ದೇಶ ಒಳ್ಳೆಯದಿತ್ತು ಮಾರಾಯ್ರೆ, ಹಂಚು ಕೊಟ್ಟರು, ಪೇಪರ್ ಕೊಟ್ಟರು, ಡಿಕ್ಷನರಿ ಕೊಟ್ಟರು.” ಇದು ಒಂದು ಕಡೆಯವರ ಮಾತು. ಇನ್ನೊಂದು ಕಡೆಯವರು ಕೂಡಲೇ, “ಎಂತ ಒಳ್ಳೆಯದು? ಎಲ್ಲ ಮತಾಂತರಕ್ಕೆ ಮಾಡಿದ್ದು” ಅನ್ನುತ್ತಾರೆ. ಅಲ್ಲಿಗೆ ಇತಿಹಾಸ ಮುಗಿಯಿತು, ಈ ವಾರದ ವಾಟ್ಸಾಪ್ ಜಗಳ ಶುರುವಾಯಿತು. ನನಗೆ ಕುತೂಹಲ ಹುಟ್ಟಿಸುವುದು ಈ ಎರಡೂ ಕಡೆಯವರು ಮಾತಾಡದೆಯೇ ಒಪ್ಪಿಕೊಂಡಿರುವ ಒಂದು ಸಂಗತಿ. ನೂರೈವತ್ತು, ಇನ್ನೂರು ವರ್ಷ ಹಿಂದೆ ಬದುಕಿದ್ದವರ ಮನಸ್ಸಿನೊಳಗೆ ಏನಿತ್ತು ಅಂತ ಗೊತ್ತಾದರೆ ಲೆಕ್ಕ ಚುಕ್ತಾ ಅಂತ ಇಬ್ಬರೂ ನಂಬಿದ್ದಾರೆ.

ಶಾಲೆಯಲ್ಲೂ ನಮಗೆ ಕಲಿಸಿದ್ದು ಹೀಗೆಯೇ. ಯುರೋಪಿನವರು ಯಾಕೆ ಬಂದರು? ಧರ್ಮಕ್ಕಾಗಿ, ಚಿನ್ನಕ್ಕಾಗಿ, ಕೀರ್ತಿಗಾಗಿ. ಮೂರು ಅಂಕದ ಪ್ರಶ್ನೆ, ಮೂರು ಪಾಯಿಂಟು. ಮೂರನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿಟ್ಟರೆ ಯಾವ ಡಬ್ಬಿಯಲ್ಲಿ ಯಾರು ಅಂತ ವಿಂಗಡಿಸುವುದು ಸುಲಭ. ಆದರೆ ಮಂಗಳೂರಿನ ಮಟ್ಟಿಗಾದರೂ ಈ ವಿಂಗಡಣೆ ನಿಲ್ಲುವುದಿಲ್ಲ. ಇಲ್ಲಿಗೆ ಬಂದವರಲ್ಲಿ ಹೆಚ್ಚಿನವರಿಗೆ ಈ ಮೂರೂ ಒಂದೇ ಆಗಿ ಕಾಣುತ್ತಿದ್ದವು. ಹಾಗೆ ಒಂದಾಗಿ ಕಾಣಿಸುವಂತೆ ಮಾಡುವುದೇ ಸಿದ್ಧಾಂತದ ಕೆಲಸ. ಸುಳ್ಳು ಹೇಳುವುದಕ್ಕೆ ಸಿದ್ಧಾಂತ ಬೇಕಾಗಿಲ್ಲ, ಸುಳ್ಳನ್ನು ಯಾರು ಬೇಕಾದರೂ ಹೇಳಬಹುದು. ಲಾಭದ ಕೆಲಸವನ್ನು ಕರ್ತವ್ಯ ಅಂತ ಪ್ರಾಮಾಣಿಕವಾಗಿ ನಂಬಿ ಮಾಡುವುದಕ್ಕೆ ಸಿದ್ಧಾಂತ ಬೇಕು.

ಪೋರ್ಚುಗೀಸರ ವಿಷಯ ಬೇಗ ಮುಗಿಸುತ್ತೇನೆ, ಅವರ ಬಗ್ಗೆ ಈಗಾಗಲೇ ಬೇಕಾದಷ್ಟು ನಾಟಕ, ಭಾಷಣ ಆಗಿದೆ. ಅಬ್ಬಕ್ಕನ ಹೆಸರು ಹೇಳಿದ ಕೂಡಲೇ ನಮಗೆ ಕತ್ತಿ, ಬೆಂಕಿಯ ಬಾಣ ನೆನಪಾಗುತ್ತವೆ. ಅಕ್ಕಿ ನೆನಪಾಗುವುದಿಲ್ಲ. 1568ರಲ್ಲಿ ಪೋರ್ಚುಗೀಸರು ಮಂಗಳೂರಿನಲ್ಲಿ ಕೋಟೆ ಕಟ್ಟಿದ್ದು, ಬಸ್ರೂರಿನ ಮೇಲೆ ಕಣ್ಣಿಟ್ಟಿದ್ದು ಬಹುಮಟ್ಟಿಗೆ ಅಕ್ಕಿಗೋಸ್ಕರ. ಗೋವಾ ತನ್ನ ಅನ್ನವನ್ನು ತಾನೇ ಬೆಳೆದುಕೊಳ್ಳುವ ಊರಾಗಿರಲಿಲ್ಲ, ನಮ್ಮ ಕರಾವಳಿಯ ಅಕ್ಕಿ ಹೋಗದಿದ್ದರೆ ಅಲ್ಲಿ ಒಲೆ ಉರಿಯುತ್ತಿರಲಿಲ್ಲ. ಕಡಲಿಗೆ ಇಳಿಯುವ ಪ್ರತಿ ಹಡಗೂ ಅವರಿಂದ ‘ಕರ್ತಾಜ್’ ಎಂಬ ಪರವಾನಗಿ ಚೀಟಿ ತೆಗೆದುಕೊಳ್ಳಬೇಕಿತ್ತು. ಸಾವಿರಾರು ವರ್ಷದಿಂದ ಎಲ್ಲರೂ ಓಡಾಡುತ್ತಿದ್ದ ಕಡಲಿಗೆ ಟೋಲ್ ಗೇಟ್ ಹಾಕಿದ ಹಾಗೆ. ಚೀಟಿ ಕೊಡುವವರು ಭಕ್ತರೂ ಹೌದು. ಶಿಲುಬೆ ಮತ್ತು ಚೀಟಿ ಎರಡೂ ಒಂದೇ ಹಡಗಿನಲ್ಲಿ ಬಂದವು, ಅದರಲ್ಲಿ ಅವರಿಗೆ ಮುಜುಗರ ಇರಲಿಲ್ಲ.

ನಾನು ನಿಜವಾಗಿ ಮಾತಾಡಬೇಕೆಂದಿರುವುದು ಒಂದು ಪುಸ್ತಕದ ಬಗ್ಗೆ. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಬರೆದ ಪ್ರವಾಸಕಥನ. ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿದ್ದರ ದಿನಚರಿ, ಮೂರು ಸಂಪುಟ, 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಕರಾವಳಿಯ ಬಗ್ಗೆ ಬರೆಯುವ ಯಾರೂ ಇದನ್ನು ಬಿಟ್ಟು ಹೋಗುವುದಿಲ್ಲ. ‘ಬುಕಾನನ್ ಹೀಗೆ ಬರೆದಿದ್ದಾನೆ’ ಅಂದರೆ ಮುಗಿಯಿತು, ಅದು ಸಾಕ್ಷಿ. ಅದನ್ನು ಸಾಕ್ಷಿಯಾಗಿ ಬಳಸುವವರು ಬಹಳ, ಒಂದು ಬರಹವಾಗಿ ಓದುವವರು ಕಡಿಮೆ.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ, ಕೆನರಾ ಕಂಪೆನಿಯ ಕೈಗೆ ಬಂತು. ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿ ಬುಕಾನನ್‌ನನ್ನು ಕರೆದು, ಹೊಸದಾಗಿ ಸಿಕ್ಕಿದ ನಾಡನ್ನು ನೋಡಿ ಬಾ ಅಂತ ಕಳಿಸಿದ. ಏನೇನು ನೋಡಬೇಕು ಅಂತ ಒಂದು ಸೂಚನಾಪತ್ರವನ್ನೂ ಕೊಟ್ಟ. ಅದರ ಕ್ರಮ ನೋಡಿ. ಮೊದಲು ಬೇಸಾಯ: ಏನು ತಿನ್ನುತ್ತಾರೆ, ಯಾವ ದನ, ಎಂಥ ಹೊಲ. ಆಮೇಲೆ ಹತ್ತಿ, ಕಾಳುಮೆಣಸು, ಗಂಧ, ಏಲಕ್ಕಿ. ಆಮೇಲೆ ಗಣಿ, ಕಲ್ಲು, ಖನಿಜ. ಆಮೇಲೆ ಕೈಗಾರಿಕೆ. ಆಮೇಲೆ ಹವೆ. ಕೊನೆಯಲ್ಲಿ, ಎಲ್ಲ ಮುಗಿದ ಮೇಲೆ, ನಿವಾಸಿಗಳು. ಅಂದರೆ ನಾವು.

ನನ್ನ ಹೊಟ್ಟೆಪಾಡಿನ ಕೆಲಸ ಡೇಟಾ ಅನಾಲಿಟಿಕ್ಸ್. ಗ್ರಾಹಕರು ಕಳಿಸುವ ಇಂಥ ಪತ್ರಗಳನ್ನು ವಾರಕ್ಕೆ ಎರಡಾದರೂ ಓದುತ್ತೇನೆ, ಹಾಗಾಗಿ ವೆಲ್ಲೆಸ್ಲಿಯ ಪತ್ರದ ಭಾಷೆ ನನಗೆ ಹೊಸದು ಅನ್ನಿಸಲಿಲ್ಲ. ಯಾವ ಕಾಲಂ ಮೊದಲು, ಯಾವುದು ಕೊನೆಗೆ ಅನ್ನುವುದರಲ್ಲೇ ಗ್ರಾಹಕನಿಗೆ ಏನು ಬೇಕು ಅಂತ ಗೊತ್ತಾಗುತ್ತದೆ. ವೆಲ್ಲೆಸ್ಲಿ ತನ್ನ ಉದ್ದೇಶದ ಬಗ್ಗೆ ಲಂಡನ್ನಿಗೆ ಏನೇ ಬರೆದಿರಲಿ (ಫ್ರೆಂಚರ ಭಯ, ಟಿಪ್ಪುವಿನ ಕ್ರೌರ್ಯದಿಂದ ಜನರ ಬಿಡುಗಡೆ, ಬ್ರಿಟಿಷ್ ಆಡಳಿತದ ಆಶೀರ್ವಾದ, ಇನ್ನೂ ಏನೇನೋ), ಈ ಕಾಲಂಗಳ ಸಾಲು ಅದಕ್ಕಿಂತ ನೇರವಾಗಿ ಮಾತಾಡುತ್ತದೆ. ಮನಸ್ಸನ್ನು ಬಗೆದು ನೋಡುವ ಅಗತ್ಯವಿಲ್ಲ, ಫಾರ್ಮ್ ನೋಡಿದರೆ ಸಾಕು.

ಹಾಗಂತ ಬುಕಾನನ್ ಖಳನಾಯಕನಲ್ಲ. ಅವನನ್ನು ಓದುತ್ತಾ ಹೋದರೆ ಇಷ್ಟವೇ ಆಗುತ್ತಾನೆ, ಅದೇ ಕಷ್ಟ. 1801ರ ಆರಂಭದಲ್ಲಿ ಕಾಸರಗೋಡಿನ ಕಡೆಯಿಂದ ಮಂಗಳೂರಿಗೆ ಬಂದವನು ಇಲ್ಲಿಯ ಗದ್ದೆಗಳನ್ನು ನೋಡಿದ ರೀತಿ ನೋಡಿ. ಬೈಲು, ಮಜಲು, ಬೆಟ್ಟು ಅಂತ ಮೂರು ವಿಧ. ಏಣೇಲು, ಸುಗ್ಗಿ, ಕೊಳಕೆ ಅಂತ ಮೂರು ಬೆಳೆ. ನಮ್ಮ ಅಜ್ಜಂದಿರು ಬಳಸುತ್ತಿದ್ದ ಮಾತುಗಳನ್ನೇ ಹಿಡಿದು ಬರೆದಿದ್ದಾನೆ. ಕೊಡಿಯಾಲ್‌ಬೈಲ್ ಅನ್ನುವ ಹೆಸರಿನಲ್ಲಿ ಬೈಲು ಯಾಕಿದೆ ಅಂತ ಗೊತ್ತಿಲ್ಲದೆ ಅಲ್ಲಿಯ ಅಪಾರ್ಟ್‌ಮೆಂಟುಗಳಲ್ಲಿ ಇರುವ ನಮಗಿಂತ ಅವನಿಗೆ ಈ ನೆಲದ ಬಗ್ಗೆ ಹೆಚ್ಚು ಗೊತ್ತಿತ್ತು. ಒಂದು ಅಳತೆ ಬೀಜ ಹಾಕಿದರೆ ಎಷ್ಟು ಅಳತೆ ಬೆಳೆ, ಕೂಲಿ ಎಷ್ಟು, ಸರಕಾರಕ್ಕೆ ಎಷ್ಟು, ಧಣಿಗೆ ಎಷ್ಟು ಅಂತ ಕೇಳುತ್ತಾ ಊರೂರು ತಿರುಗಿದ.

ಜನ ಅವನಿಗೆ ಸರಿಯಾದ ಲೆಕ್ಕ ಹೇಳಲಿಲ್ಲ. ತನಗೆ ಸಿಗುತ್ತಿರುವ ಉತ್ತರ ನಂಬುವಂಥದ್ದಲ್ಲ ಅನ್ನುವ ಅನುಮಾನ, ಕಿರಿಕಿರಿ ಅವನ ಬರವಣಿಗೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ನನ್ನ ಮಟ್ಟಿಗೆ ಇಡೀ ಪುಸ್ತಕದ ಅತ್ಯಂತ ಜೀವಂತ ಭಾಗ ಇದು. ಗದ್ದೆಯ ಬದುವಿನಲ್ಲಿ ನಿಂತ ತುಳು ರೈತನಿಗೆ ಯುರೋಪಿನ ಸಿದ್ಧಾಂತಗಳು ಗೊತ್ತಿರಲಿಲ್ಲ, ಆದರೆ ಬೆಳೆ ಎಷ್ಟು ಅಂತ ಕೇಳುವ ಪರದೇಶಿಯ ಹಿಂದೆ ಕಂದಾಯದವನು ಬರುತ್ತಾನೆ ಅಂತ ಗೊತ್ತಿತ್ತು. ಬುಕಾನನ್‌ಗೆ ಅದು ಜನರ ಅಪ್ರಾಮಾಣಿಕತೆಯಾಗಿ ಕಂಡಿತು. ತನ್ನ ಪ್ರಶ್ನೆ ನಿಷ್ಪಕ್ಷಪಾತದ್ದು, ವಿಜ್ಞಾನದ್ದು ಅಂತ ಅವನು ನಂಬಿದ್ದ. ಉತ್ತರ ಕೊಡುವವನಿಗೆ ಆ ಪ್ರಶ್ನೆಯ ಬೆಲೆ ಎಷ್ಟು ಅಂತ ಅವನಿಗೆ ಹೊಳೆಯಲಿಲ್ಲ, ಅಥವಾ ಹೊಳೆದರೂ ಅದು ಅವನ ಕಾಲಂಗಳಲ್ಲಿ ಕೂರುವ ವಿಷಯವಾಗಿರಲಿಲ್ಲ.

ಆ ಕಾಲಂಗಳಲ್ಲಿ ಕೂತ ಇನ್ನೊಂದು ವಿಷಯ ಇದೆ. ಜಮೀನಿನ ಜೊತೆಗೆ ಕಟ್ಟಿಹಾಕಿದ್ದ ಜೀತದಾಳುಗಳ ಬೆಲೆ, ಅವರಿಗೆ ಅಳೆದು ಕೊಡುತ್ತಿದ್ದ ಅಕ್ಕಿ, ವರ್ಷದ ಬಟ್ಟೆ. ಕೊರಗರ ಹೆಸರೂ ಅಲ್ಲಿ ಬರುತ್ತದೆ. ಎತ್ತಿನ ಬೆಲೆ ಬರೆದ ಕೈ ಅದೇ ಸಮಾಧಾನದಲ್ಲಿ ಮನುಷ್ಯನ ಬೆಲೆಯನ್ನೂ ಬರೆದಿದೆ. ಈ ಗುಲಾಮಗಿರಿಯನ್ನು ಬ್ರಿಟಿಷರು ತರಲಿಲ್ಲ, ಅದು ನಮ್ಮದೇ. ಇದನ್ನು ಸ್ಪಷ್ಟವಾಗಿ ಹೇಳಿಬಿಡಬೇಕು, ಯಾಕೆಂದರೆ ಸಾಮ್ರಾಜ್ಯಶಾಹಿಯನ್ನು ಬೈಯುವ ಉತ್ಸಾಹದಲ್ಲಿ ನಾವು 1799ಕ್ಕಿಂತ ಮುಂಚಿನ ತುಳುನಾಡನ್ನು ಒಂದು ಯಕ್ಷಗಾನದ ರಾಜ್ಯ ಮಾಡಿಬಿಡುತ್ತೇವೆ.

ಬುಕಾನನ್ ಬರುವುದಕ್ಕೆ ಮೊದಲೇ ಇಲ್ಲಿ ಕಲೆಕ್ಟರ್ ಆಗಿ ಬಂದು ಹೋದವನು ಥಾಮಸ್ ಮನ್ರೋ. ಒಂದು ವರ್ಷ, ಚೂರು ಹೆಚ್ಚು, ಅಷ್ಟೇ ಇದ್ದದ್ದು. ನಮ್ಮ ಮಳೆ ಅವನಿಗೆ ಹಿಡಿಸಲಿಲ್ಲ, ವರ್ಗಾವಣೆ ಬೇಕು ಅಂತ ಒದ್ದಾಡಿದ. (ಮಂಗಳೂರಿಗೆ ಪೋಸ್ಟಿಂಗ್ ಆಗಿ ಬಂದ ಬೆಂಗಳೂರಿನವರು ಜೂನ್ ತಿಂಗಳಲ್ಲಿ ಮಾಡುವ ಮುಖ ನೆನಪಿಸಿಕೊಳ್ಳಿ.) ಅವನು ಬಂದಾಗ ಭೂಮಾಲಕರು ಕಚೇರಿಗೆ ಬರುವುದಕ್ಕೇ ಒಪ್ಪಲಿಲ್ಲ. ಆದರೂ ಆ ಅವಧಿಯಲ್ಲಿ ಅವನು ಮಾಡಿದ ಕೆಲಸ ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ. ಹಳೆಯ ಕಡತಗಳನ್ನು ತೆಗೆಸಿ, ವಿಜಯನಗರದ ಕಾಲಕ್ಕೆ ಹೋಗಿ, ಕೆನರಾದಲ್ಲಿ ಜಮೀನು ಖಾಸಗಿ ಆಸ್ತಿ, ರಾಜನದ್ದಲ್ಲ, ಅಂತ ವಾದ ಕಟ್ಟಿದ. ಹಳೆಯ ಕಂದಾಯ ಹಗುರವಾಗಿತ್ತು, ಆಮೇಲೆ ಬಂದವರು, ಅದರಲ್ಲೂ ಹೈದರ್ ಮತ್ತು ಟಿಪ್ಪು, ಅದನ್ನು ಏರಿಸಿ ಭೂಮಾಲಕರನ್ನು ಮುರಿದರು, ನಾವು ಅದನ್ನು ಇಳಿಸಿ ಹಳೆಯ ಹಕ್ಕನ್ನು ಮರಳಿ ಕೊಡಬೇಕು. ಇದು 1800ರ ಮೇ ಕೊನೆಯಲ್ಲಿ ಕಂದಾಯ ಮಂಡಳಿಗೆ ಅವನು ಬರೆದ ಪತ್ರದ ಸಾರ.

ಒಳ್ಳೆಯ ಉದ್ದೇಶ ಅಂದರೆ ಇದೇ ಅಲ್ವಾ? ನಿಜವಾಗಿಯೂ ಒಳ್ಳೆಯದೇ. ಕಂದಾಯ ಕಡಿಮೆ ಮಾಡಿ ಅಂತ ತನ್ನ ಯಜಮಾನರಿಗೇ ಹೇಳುವುದು ಸಣ್ಣ ಮಾತಲ್ಲ. ಆದರೆ ಗಮನಿಸಿ, ಒಂದು ವ್ಯಾಪಾರಿ ಕಂಪೆನಿಗೆ ನಾಲ್ಕು ನೂರು ವರ್ಷ ಹಿಂದಿನ ಇತಿಹಾಸದಲ್ಲಿ ಆಸಕ್ತಿ ಹುಟ್ಟಿದ್ದು ಕಂದಾಯ ಯಾರಿಂದ, ಎಷ್ಟು ಅಂತ ನಿರ್ಧರಿಸುವುದಕ್ಕೆ. ಕಂದಾಯ ಕೊಡಲು ಒಬ್ಬ ಮಾಲೀಕ ಬೇಕು. ಹಾಗಾಗಿ ಪ್ರತಿ ತುಂಡು ನೆಲಕ್ಕೂ ಒಬ್ಬ ಮಾಲೀಕನನ್ನು ಹುಡುಕಲಾಯಿತು. ಗೆದ್ದವನು ‘ನಾನು ಹೊಸದೇನೂ ಮಾಡುತ್ತಿಲ್ಲ, ನಿಮ್ಮ ಹಳೆಯದನ್ನೇ ನಿಮಗೆ ಕೊಡುತ್ತಿದ್ದೇನೆ’ ಅನ್ನುವುದು ಸಾಮ್ರಾಜ್ಯದ ಅತ್ಯಂತ ನಾಜೂಕಿನ ಮಾತು. ಅದರಲ್ಲಿ ಅರ್ಧ ನಿಜ ಇರುತ್ತದೆ. ಜಮೀನಿನ ಮೇಲೆ ಇದ್ದ ಹತ್ತಾರು ಬಗೆಯ ಸಂಬಂಧಗಳಲ್ಲಿ ಒಂದನ್ನು ಎತ್ತಿ ‘ಹಕ್ಕು’ ಅಂತ ದಾಖಲೆ ಮಾಡಿದಾಗ ಉಳಿದವು ದಾಖಲೆಯ ಹೊರಗೆ ಉಳಿದವು.

ಇದು ಹಳೆಯ ಕಥೆ ಅಂತ ಯಾರಾದರೂ ಅಂದುಕೊಂಡರೆ ಮಂಗಳೂರಿನಲ್ಲಿ ಒಂದು ಫ್ಲ್ಯಾಟ್ ನೋಡಲು ಹೋಗಿ. ಎರಡು ವರ್ಷ ಹಿಂದೆ ನಾನು ಹೋಗಿದ್ದೆ. ಜಿಮ್, ಕ್ಲಬ್‌ಹೌಸ್, ಸಮುದ್ರದ ನೋಟ ಎಲ್ಲ ಆದ ಮೇಲೆ ವಕೀಲರು ದಾಖಲೆ ತೆಗೆದು, “ಇದು ಮೂಲಗೇಣಿ ಜಾಗ, ಸ್ವಲ್ಪ ನೋಡಬೇಕು” ಅಂದರು. ವರ್ಗ, ಕುಮ್ಕಿ, ಮೂಲಗೇಣಿ: ಬೇರೆ ಜಿಲ್ಲೆಯ ಗೆಳೆಯರಿಗೆ ಈ ಶಬ್ದಗಳನ್ನು ವಿವರಿಸುವಷ್ಟರಲ್ಲಿ ಸಾಕಾಗುತ್ತದೆ. ಮೂಲಗೇಣಿದಾರರಿಗೆ ಮಾಲೀಕತ್ವ ಕೊಡುವ ಕಾನೂನಿಗೆ 2011ರವರೆಗೆ ಕಾಯಬೇಕಾಯಿತು. ಹನ್ನೆರಡನೇ ಮಹಡಿಯ ಬಾಲ್ಕನಿಯ ಕೆಳಗೆ ಇವತ್ತಿಗೂ ಇರುವುದು ಆ ಕಾಲದ ಕಂದಾಯದ ಲೆಕ್ಕಪುಸ್ತಕ.

ಮನ್ರೋ ಬರೆದದ್ದು ಪತ್ರದಲ್ಲಿ ಉಳಿಯಿತು, ಕಂದಾಯ ವಸೂಲಿ ನಡೆಯಿತು. 1830-31ರಲ್ಲಿ ಅಕ್ಕಿಯ ಬೆಲೆ ಬಿದ್ದಾಗ ರೈತರು ಕೂಟ ಸೇರಿ ಕಂದಾಯ ಕೊಡುವುದಿಲ್ಲ ಅಂದರು. 1834ರಲ್ಲಿ ಕೊಡಗು ಕಂಪೆನಿಯ ವಶವಾಗಿ, ಅಮರ ಸುಳ್ಯ, ಪುತ್ತೂರಿನ ಕಡೆಯ ಜಾಗಗಳು ಕೆನರಾಕ್ಕೆ ಸೇರಿದವು. ಮೊದಲು ಬೆಳೆಯ ರೂಪದಲ್ಲಿ ಕಂದಾಯ ಕೊಡುತ್ತಿದ್ದವರು ಈಗ ನಗದು ಕೊಡಬೇಕಾಯಿತು. ಗದ್ದೆಯಲ್ಲಿ ಭತ್ತ ಬೆಳೆಯುತ್ತದೆ, ನಾಣ್ಯ ಬೆಳೆಯುವುದಿಲ್ಲ; ನಾಣ್ಯಕ್ಕೆ ಸಾಲ ಮಾಡಬೇಕು, ಇಲ್ಲವೇ ಕೊಯ್ಲಿನ ಹೊತ್ತಿಗೆ ಸಿಕ್ಕಿದ ಬೆಲೆಗೆ ಮಾರಬೇಕು. 1837ರ ಏಪ್ರಿಲ್ 5ರಂದು ಕೆದಂಬಾಡಿ ರಾಮಯ್ಯ ಗೌಡ, ಕಲ್ಯಾಣಪ್ಪ ಮೊದಲಾದವರ ಹಿಂದೆ ಬಂದ ರೈತರು ಮಂಗಳೂರನ್ನು ಹಿಡಿದು, ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಹಾರಿಸಿ, 13 ದಿನ ಇಟ್ಟುಕೊಂಡರು. ಕಚೇರಿ, ಜೈಲು, ಖಜಾನೆ ಅವರ ಗುರಿ. ಆಮೇಲೆ ಪಡೆ ಬಂತು, ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದ್ದಾಯಿತು. 2022ರಲ್ಲಿ ರಾಮಯ್ಯ ಗೌಡರ ಪ್ರತಿಮೆ ಬಾವುಟಗುಡ್ಡೆಯಲ್ಲಿ ಬಂದಿದೆ, ಒಳ್ಳೆಯದೇ. ಆದರೆ ದೇಶಪ್ರೇಮದ ಭಾಷಣಗಳಲ್ಲಿ ನಾಣ್ಯದ ಕಂದಾಯದ ವಿಷಯ ತೇಲಿಹೋಗುತ್ತದೆ. ‘ಪರಕೀಯರನ್ನು ಓಡಿಸಲು ಬಂದರು’ ಅನ್ನುವುದೂ ಒಂದು ಉದ್ದೇಶದ ಕಥೆಯೇ. ಅವರು ಸುಟ್ಟ ಜಾಗಗಳ ಪಟ್ಟಿ ಅದಕ್ಕಿಂತ ಹೆಚ್ಚು ಹೇಳುತ್ತದೆ.

ಸಾಮ್ರಾಜ್ಯಶಾಹಿಯನ್ನು ವಿವರಿಸಿದ ದೊಡ್ಡ ಪಂಡಿತರು ಉದ್ದೇಶದ ಬಗ್ಗೆ ಬೇಕಾದಷ್ಟು ಜಗಳಾಡಿದ್ದಾರೆ. 1902ರಲ್ಲಿ ಹಾಬ್ಸನ್, ದೇಶದೊಳಗೆ ಹೂಡಲು ಜಾಗವಿಲ್ಲದ ಬಂಡವಾಳ ಹೊರಗೆ ಹುಡುಕಿಕೊಂಡು ಹೋಗುತ್ತದೆ ಅಂದ. ಲೆನಿನ್ ಅದನ್ನೇ ಹಿಡಿದು ಇನ್ನೂ ಗಟ್ಟಿಯಾಗಿ ಹೇಳಿದ. 1919ರಲ್ಲಿ ಶುಂಪೀಟರ್, ಅಲ್ಲ, ಇದು ಹಳೆಯ ಯೋಧವರ್ಗಗಳು ಬಿಟ್ಟುಹೋದ ಚಾಳಿ ಅಂದ. ಹಾಬ್ಸನ್ ಹೇಳಿದ್ದಕ್ಕೆ ಹತ್ತಿರದ ಒಂದು ಉದಾಹರಣೆ ನಮ್ಮ ನಕ್ಷೆಯಲ್ಲೇ ಇದೆ. ಕೆನರಾ ಒಂದೇ ಜಿಲ್ಲೆಯಾಗಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಂದ ಹತ್ತಿ ಬರುವುದು ನಿಂತಾಗ ಮ್ಯಾಂಚೆಸ್ಟರ್‌ನವರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು, ಅದನ್ನು ಸಾಗಿಸಲು ಕಾರವಾರದ ಬಂದರು ಬೇಕಾಯಿತು. ಧಾರವಾಡ ಬೊಂಬಾಯಿ ಪ್ರಾಂತ್ಯ, ಕಾರವಾರ ಮದರಾಸು ಪ್ರಾಂತ್ಯ. 1862ರಲ್ಲಿ ಉತ್ತರ ಕೆನರಾ ಬೊಂಬಾಯಿಗೆ ಹೋಯಿತು. ಕುಂದಾಪುರದಿಂದ ಈಚೆಗೆ ನಾವು ಮದರಾಸಿನಲ್ಲೇ ಉಳಿದೆವು. ಮತ್ತೆ ಒಂದೇ ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಹತ್ತಿ ವ್ಯಾಪಾರದ ಒತ್ತಾಯಕ್ಕೆ ಎಳೆದ ಗೆರೆಗೆ ಯಾವ ಧರ್ಮವೂ, ಯಾವ ಕೀರ್ತಿಯೂ ಬೇಕಾಗಿರಲಿಲ್ಲ.

ಆದರೆ ಹಾಬ್ಸನ್ ಬಾಸೆಲ್ ಮಿಶನ್‌ಗೆ ಹೊಂದುವುದಿಲ್ಲ. ಇಲ್ಲಿ ನಾನು ನಿಧಾನಿಸಬೇಕು.

ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ. ಆ ದೇಶಕ್ಕೆ ವಸಾಹತುಗಳೇ ಇರಲಿಲ್ಲ. ಬಂದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ಭಕ್ತ ಕುಟುಂಬಗಳವರು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಅವರ ಹಣ ದೊಡ್ಡ ಬ್ಯಾಂಕಿನದ್ದಲ್ಲ. ಅಲ್ಲಿಯ ಸಾಮಾನ್ಯ ಜನ ವಾರಕ್ಕೊಂದು ಅರ್ಧ ‘ಬಾಟ್ಸೆನ್’ ಅಂತ ಚಿಲ್ಲರೆ ಕಾಸು ಸೇರಿಸಿ ಕೊಡುವ ಪದ್ಧತಿ 1855ರಿಂದ ಇತ್ತು. ಇದಕ್ಕಿಂತ ಶುದ್ಧವಾದ ಉದ್ದೇಶವನ್ನು ಹುಡುಕುವುದು ಕಷ್ಟ. ಹಾಗಿದ್ದರೂ ಅವರು ಬರುವುದಕ್ಕೆ ಬಾಗಿಲು ತೆರೆದದ್ದು 1833ರ ಚಾರ್ಟರ್ ಕಾಯ್ದೆ. ಬಲ್ಮಠದಲ್ಲಿ ಅವರಿಗೆ ಆಸ್ತಿ ಕೊಟ್ಟವನು ಇಲ್ಲಿ ಕಲೆಕ್ಟರ್ ಆಗಿದ್ದ ಬ್ಲೇರ್. ಕಲ್ಯಾಣಪ್ಪನ ದಂಗೆ ನಡೆದು ಇನ್ನೂ ಮೂರು ವರ್ಷ ಆಗಿತ್ತಷ್ಟೆ. ಅವರು ಕೋವಿ ಹಿಡಿದು ಬರಲಿಲ್ಲ ನಿಜ, ಕೋವಿ ಆಗಲೇ ಬಂದು ಕೂತಿತ್ತು.

ಮಿಶನ್‌ಗೆ ಸೇರಿದವರು ಮನೆ, ಜಾತಿಯ ಕಸುಬು, ಜಮೀನಿನ ಆಸರೆ ಕಳೆದುಕೊಂಡು ಬೀದಿಗೆ ಬೀಳುತ್ತಿದ್ದರು. ಅವರಿಗೆ ಕೆಲಸ ಕೊಡಬೇಕಾಯಿತು. ನೇಯ್ಗೆ ಬಂತು, ಮುದ್ರಣಾಲಯ ಬಂತು. 1865ರಲ್ಲಿ ಪ್ಲೆಬ್ಸ್ಟ್ ಎಂಬವನು ಜೆಪ್ಪುವಿನಲ್ಲಿ, ನೇತ್ರಾವತಿಯ ಆವೆಮಣ್ಣಿನಿಂದ, ಹಂಚಿನ ಕಾರ್ಖಾನೆ ಶುರು ಮಾಡಿದ. ಇದನ್ನು ನಡೆಸುವುದಕ್ಕೆ 1859ರಲ್ಲೇ ಒಂದು ವ್ಯಾಪಾರಿ ಕಂಪೆನಿ ಹುಟ್ಟಿತ್ತು, ಷೇರುದಾರರು, ಲಾಭಾಂಶ ಎಲ್ಲ ಇದ್ದ ಕಂಪೆನಿ. ದೇವರ ಕೆಲಸ ಮಾಡುವವರು ವ್ಯಾಪಾರ ಮಾಡಬಹುದೇ ಅಂತ ಅವರಲ್ಲೇ ವಾದವಾಯಿತು. ಅವರು ಕಂಡುಕೊಂಡ ಸಮಾಧಾನ ಹೀಗಿತ್ತು: ದುಡಿಮೆಯೂ ಒಂದು ಪ್ರಾರ್ಥನೆ, ಹೊತ್ತಿಗೆ ಸರಿಯಾಗಿ ಬರುವುದು, ಸೋಮಾರಿಯಾಗದೆ ಇರುವುದು, ಕುಡಿಯದೆ ಇರುವುದು, ಇವೆಲ್ಲ ಹೊಸ ಮನುಷ್ಯನ ಲಕ್ಷಣ. ಒಳ್ಳೆಯ ಕ್ರೈಸ್ತನೂ ಒಳ್ಳೆಯ ಕಾರ್ಮಿಕನೂ ಒಬ್ಬನೇ ಆಗಿಬಿಟ್ಟ. ನಾವು ಇವತ್ತು ‘ವರ್ಕ್ ಕಲ್ಚರ್’ ಅಂತ ಮಂಗಳೂರಿನವರ ಬಗ್ಗೆ ಹೆಮ್ಮೆಪಡುತ್ತೇವಲ್ಲ, ಅದರ ಬೇರಿನಲ್ಲಿ ಈ ಕಾರ್ಖಾನೆಯ ಗಂಟೆಯೂ ಇದೆ.

ಇದರಿಂದ ಜನರಿಗೆ ಏನೂ ಸಿಗಲಿಲ್ಲ ಅನ್ನುವುದು ಸುಳ್ಳಾಗುತ್ತದೆ. ಹಿತ್ತಲಿನಲ್ಲಿ ನಿಂತು ಅಂಬಲಿ ಕುಡಿಯಬೇಕಿದ್ದ ಒಬ್ಬ ಮನುಷ್ಯನಿಗೆ ನಗದು ಕೂಲಿ, ಅಕ್ಷರ, ಧಣಿಯ ಮುಖ ನೋಡದೆ ಬದುಕುವ ದಾರಿ ಸಿಕ್ಕಿತು. ‘ಮತಾಂತರಕ್ಕೆ ಮಾಡಿದ್ದು’ ಅಂತ ಒಂದೇ ಮಾತಲ್ಲಿ ಮುಗಿಸುವವರು ಆ ಹಿತ್ತಲನ್ನು ನೆನಪಿಸಿಕೊಳ್ಳುವುದಿಲ್ಲ. ‘ಉದ್ಧಾರ ಮಾಡಿದರು’ ಅನ್ನುವವರು ಕಾರ್ಖಾನೆಯ ಗಂಟೆಯನ್ನು ನೆನಪಿಸಿಕೊಳ್ಳುವುದಿಲ್ಲ. ಖಾಕಿ ಬಣ್ಣ ನಮ್ಮ ಬಲ್ಮಠದ ನೇಯ್ಗೆ ಕಾರ್ಖಾನೆಯಲ್ಲಿ ಹುಟ್ಟಿತು ಅಂತ ಕ್ವಿಜ್‌ಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. (1840ರ ದಶಕದಲ್ಲೇ ವಾಯವ್ಯ ಗಡಿಯ ಒಂದು ಪಡೆ ಖಾಕಿ ತೊಡುತ್ತಿತ್ತು ಅನ್ನುವುದನ್ನು ಸದ್ಯಕ್ಕೆ ಬದಿಗಿಡೋಣ.) ಆ ಬಟ್ಟೆ ಹಾಕಿಕೊಂಡು ಯಾರು ಯಾರನ್ನು ಹೊಡೆದರು ಅಂತ ಯಾವ ಕ್ವಿಜ್‌ಮಾಸ್ಟರೂ ಕೇಳುವುದಿಲ್ಲ.

ಈಗ ಡಿಕ್ಷನರಿ. ಕಿಟೆಲ್ ನನಗೂ ಪ್ರಿಯ. 1853ರಲ್ಲಿ ಬಂದವನು, 1894ರಲ್ಲಿ ಅಚ್ಚಾದ ನಿಘಂಟು, ಸುಮಾರು 70,000 ಪದ. ಹಳಗನ್ನಡದಿಂದ ಗಾದೆಯವರೆಗೆ ಅದರಲ್ಲಿ ಇಲ್ಲದ್ದಿಲ್ಲ. ಆದರೆ ಆ ಪುಸ್ತಕವನ್ನು ಎಷ್ಟೋ ಸಲ ತೆರೆದಿದ್ದರೂ ನನಗೆ ತಡವಾಗಿ ಕಣ್ಣಿಗೆ ಬಿದ್ದ ಒಂದು ಸಣ್ಣ ಸಂಗತಿ ಹೇಳುತ್ತೇನೆ. ಜರ್ಮನ್ ಮಾತೃಭಾಷೆಯ ಮನುಷ್ಯ, ಸ್ವಿಟ್ಜರ್ಲೆಂಡಿನ ಸಂಸ್ಥೆ, ಕನ್ನಡದ ಪದಗಳು. ಅರ್ಥ ಮಾತ್ರ ಇಂಗ್ಲಿಷಿನಲ್ಲಿ. ಇದೊಂದೇ ಅಲ್ಲ. ಗುಂಡರ್ಟ್‌ನ ಮಲಯಾಳಂ ನಿಘಂಟು 1872ರಲ್ಲಿ, ಮ್ಯಾನರ್‌ನ ತುಳು ನಿಘಂಟು 1886ರಲ್ಲಿ, ಎರಡೂ ಮಂಗಳೂರಿನ ಅದೇ ಮುದ್ರಣಾಲಯದಲ್ಲಿ, ಎರಡನ್ನೂ ಮಾಡಿದವರು ಜರ್ಮನರು, ಎರಡರಲ್ಲೂ ಅರ್ಥ ಇಂಗ್ಲಿಷಿನಲ್ಲಿ. ಯಾರೂ ಅವರಿಗೆ ಪಿಸ್ತೂಲು ತೋರಿಸಿ ಇಂಗ್ಲಿಷಿನಲ್ಲಿ ಬರೆಯಿರಿ ಅನ್ನಲಿಲ್ಲ. ಕೊಳ್ಳುವವರು, ಓದುವವರು, ಶಾಲೆ, ಕಚೇರಿ ಎಲ್ಲ ಇಂಗ್ಲಿಷಿನ ಕಡೆ ಮುಖ ಮಾಡಿದ್ದವು. ಕಿಟೆಲ್‌ನ ಪ್ರೀತಿ ಕನ್ನಡದ ಮೇಲಿತ್ತು, ಪುಟದ ಬಲಗಡೆ ಮಾತ್ರ ಸಾಮ್ರಾಜ್ಯದ ಭಾಷೆ ಕೂತಿತ್ತು. ಅವನ ಮನಸ್ಸನ್ನು ಎಷ್ಟು ಬಗೆದರೂ ಈ ವಿಷಯ ಸಿಗುವುದಿಲ್ಲ, ಯಾಕೆಂದರೆ ಅದು ಅವನ ಮನಸ್ಸಿನಲ್ಲಿ ಇರಲಿಲ್ಲ, ಸುತ್ತಮುತ್ತ ಇತ್ತು. 1843ರ ಜುಲೈ 1ರಂದು ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ವನ್ನೂ ನಾನು ಹೀಗೆಯೇ ನೋಡುತ್ತೇನೆ. ಕನ್ನಡದ ಮೊದಲ ಪತ್ರಿಕೆ, ಅದರ ನೆನಪಿಗೆ ಇವತ್ತಿಗೂ ಪತ್ರಿಕಾ ದಿನ. ಊರಿನ ಸುದ್ದಿ, ಪರದೇಶದ ಸುದ್ದಿ, ಕಂಪೆನಿ ಸರಕಾರದ ಆಜ್ಞೆಗಳು ಒಂದೇ ಹಾಳೆಯಲ್ಲಿ.

ಒಳ್ಳೆಯ ಉದ್ದೇಶಕ್ಕೆ ಸಾಮ್ರಾಜ್ಯ ಎಷ್ಟು ಬೆಲೆ ಕೊಡುತ್ತದೆ ಅನ್ನುವುದು 1914ರಲ್ಲಿ ಗೊತ್ತಾಯಿತು. ಮೊದಲ ಮಹಾಯುದ್ಧ ಶುರುವಾದ ಕೂಡಲೇ ಎಂಬತ್ತು ವರ್ಷ ಇಲ್ಲಿದ್ದ ಮಿಶನ್‌ನ ಜರ್ಮನರು ಶತ್ರುಗಳಾದರು. ಅವರನ್ನು ಬಂಧನದಲ್ಲಿಟ್ಟರು, ಆಮೇಲೆ ಊರಿಗೆ ಅಟ್ಟಿದರು. ನಿಘಂಟು ಮಾಡಿಕೊಟ್ಟದ್ದು, ಶಾಲೆ ನಡೆಸಿದ್ದು, ಪೊಲೀಸರಿಗೆ ಬಟ್ಟೆ ಹೊಲಿಸಿದ್ದು ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಕಾರ್ಖಾನೆಗಳನ್ನು ವಶಪಡಿಸಿಕೊಂಡು, ಯುದ್ಧ ಮುಗಿಯುವ ಹೊತ್ತಿಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಸಂಸ್ಥೆಗೆ ಒಪ್ಪಿಸಿದರು. ಅದೇ ಆವೆ, ಅದೇ ಮಣ್ಣು, ಅದೇ ಕಾರ್ಮಿಕರು. ಹಂಚಿನ ಮೇಲಿನ ಮುದ್ರೆ ಬೇರೆ. ಆ ಕಾರ್ಮಿಕರಿಗೆ ಹಳೆಯ ಯಜಮಾನರ ಉದ್ದೇಶಕ್ಕೂ ಹೊಸಬರ ಉದ್ದೇಶಕ್ಕೂ ಇರುವ ವ್ಯತ್ಯಾಸ ಸಂಬಳದ ದಿನ ಎಷ್ಟು ಗೊತ್ತಾಯಿತೋ!

ಇದನ್ನೆಲ್ಲ ಒಮ್ಮೆ ಹಂಪನಕಟ್ಟೆಯ ಹೋಟೆಲಿನಲ್ಲಿ ಕೂತು ಗೆಳೆಯನೊಬ್ಬನಿಗೆ ಹೇಳಿದಾಗ ಅವನು ಬನ್ಸ್ ಮುರಿಯುತ್ತಾ ಕೇಳಿದ: “ಅದೆಲ್ಲ ಇರಲಿ ಮಾರಾಯ, ಕಿಟೆಲ್‌ಗೆ ಹಾರ ಹಾಕಬೇಕಾ ಬೇಡವಾ, ಅದು ಹೇಳು.” ಹಾಕು ಅಂದೆ. ನಲವತ್ತು ವರ್ಷ ಒಂದು ಭಾಷೆಯ ಪದಗಳನ್ನು ಆರಿಸುತ್ತಾ ಕೂತವನಿಗೆ ಹಾರ ಹಾಕದೆ ಇನ್ನು ಯಾರಿಗೆ ಹಾಕುವುದು? ಆದರೆ ಹಾರ ಹಾಕುವುದಕ್ಕೆ ಅವನ ಕಾಲವನ್ನು ಮಾಫಿ ಮಾಡಬೇಕಾಗಿಲ್ಲ, ಕಾಲವನ್ನು ಬೈಯುವುದಕ್ಕೆ ಅವನ ನಿಘಂಟನ್ನು ಮುಚ್ಚಬೇಕಾಗಿಲ್ಲ. “ಇಷ್ಟು ಉದ್ದ ಬೇಡ, ಹೌದು ಅಂದರೆ ಸಾಕಿತ್ತು” ಅಂದ ಅವನು.

ಅವನು ಕೇಳದೆ ಬಿಟ್ಟ ಪ್ರಶ್ನೆ ನನಗೆ ಹೆಚ್ಚು ಮುಖ್ಯ. ಈ ಎಲ್ಲ ಪುಸ್ತಕ, ಪತ್ರ, ದಾಖಲೆಗಳಲ್ಲಿ ಕಾಲಂ ಮಾತ್ರ ಆಗಿ ಉಳಿದವರು ಎಲ್ಲಿದ್ದಾರೆ? ಬುಕಾನನ್ ಕೊರಗರನ್ನು ಬೆಲೆಯ ಕಾಲಂನಲ್ಲಿ ಬರೆದ. ಮನ್ರೋ ಹುಡುಕಿದ ಪುರಾತನ ಮಾಲೀಕರಲ್ಲಿ ಅವರು ಇರಲಿಲ್ಲ. ‘ಮಂಗಳೂರ ಸಮಾಚಾರ’ ಹೊರಟ 1843ರಲ್ಲೇ ಕಂಪೆನಿ ಸರಕಾರ ಗುಲಾಮಗಿರಿಗೆ ಕೋರ್ಟುಗಳಲ್ಲಿ ಮಾನ್ಯತೆ ಇಲ್ಲ ಅಂತ ಕಾಯ್ದೆ ಮಾಡಿತು. ಒಳ್ಳೆಯ ಉದ್ದೇಶದ ಕಾಯ್ದೆ. ನೆಲ ಮಾತ್ರ ಯಾರ ಹೆಸರಿನಲ್ಲಿತ್ತೋ ಅವರ ಹೆಸರಿನಲ್ಲೇ ಉಳಿಯಿತು. 1974ರ ಭೂಸುಧಾರಣೆ ನಮ್ಮ ಜಿಲ್ಲೆಯಲ್ಲಿ ನಡೆದಷ್ಟು ಚೆನ್ನಾಗಿ ಬೇರೆ ಕಡೆ ನಡೆಯಲಿಲ್ಲ ಅನ್ನುತ್ತೇವೆ, ಅದು ನಿಜವೇ. ಆದರೆ ಅದು ಗೇಣಿದಾರನಿಗೆ ಜಮೀನು ಕೊಟ್ಟಿತು, ಗೇಣಿದಾರ ಆಗುವಷ್ಟು ಹಕ್ಕೂ ಇಲ್ಲದವನಿಗೆ ಕೊಡಲಿಲ್ಲ. ಅವನ ಹೆಸರು ಯಾವ ಗೇಣಿ ಚೀಟಿಯಲ್ಲೂ ಇರಲಿಲ್ಲ. ಊರವರ ಅನಿಷ್ಟವನ್ನು ಕೊರಗರ ಮೇಲೆ ದಾಟಿಸುವ, ಅವರಿಗೆ ಎಂಜಲು ತಿನ್ನಿಸುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ. ಆಗ ಬ್ರಿಟಿಷರು ಹೋಗಿ 53 ವರ್ಷ ಆಗಿತ್ತು. ಮಂಗಳೂರಿಗೆ ಇಂಟರ್ನೆಟ್ ಬಂದಿತ್ತು.